ಸಕ್ಕರೆ ಕಾಯಿಲೆ ಮತ್ತು ಬಡಾವಣೆಯ ಡಾಕ್ಟರು

1922ರ ಜನವರಿ 11. ಕೆನಡಾದ ಟೊರಾಂಟೊ ಆಸ್ಪತ್ರೆಯಲ್ಲಿ ಬಾಲಕ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಇದರ ಹಿಂದಿದ್ದ ಫ್ರೆಡರಿಕ್ ಬ್ಯಾಂಟಿಂಗ್ ಅದಕ್ಕೆ ಮುನ್ನ ರೋಗಿಗಳೇ ಬಾರದ ಪುಟ್ಟ ಷಾಪು ಇಟ್ಟುಕೊಂಡಿದ್ದ ವೈದ್ಯ!

ಇನ್ಸುಲಿನ್ ರೋಗವನ್ನು ವಾಸಿ ಮಾಡಲಿಲ್ಲ; ರೋಗಿಯನ್ನು ಬದುಕಿಸಿತು. ಬದುಕಿದವನು ಆಸ್ಪತ್ರೆಯಲ್ಲೇ ಇರಲಾದೀತೆ? ಹೀಗೆ ಮಧುಮೇಹ ಮನೆಗೆ ಬಂತು, ಅದರ ಹೊಣೆ ಬಡಾವಣೆಯ ಡಾಕ್ಟರ ಹೆಗಲೇರಿತು.

ಅವರ ಬಳಿಯಿದ್ದ ಸಾಧನ ಬೆನೆಡಿಕ್ಟ್ ದ್ರಾವಣ. ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಬೆರೆಸಿ ಕಾಯಿಸಿದರೆ ಸಕ್ಕರೆ ಹೆಚ್ಚಿದಂತೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಆದರೆ 100 ಮಿ.ಲೀ. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿ.ಗ್ರಾಂ. ದಾಟುವವರೆಗೆ ಮೂತ್ರದಲ್ಲಿ ಅದರ ಸುಳಿವೇ ಸಿಗದು. ಅಷ್ಟರಲ್ಲಿ ಕಾಯಿಲೆ ಒಳಗೇ ಬೇರೂರಿರುತ್ತಿತ್ತು.

ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 5,102 ರೋಗಿಗಳನ್ನು ಒಳಗೊಂಡ ಅಧ್ಯಯನದ ಫಲಿತಾಂಶ 1998ರಲ್ಲಿ ಹೊರಬಂತು. ಸಕ್ಕರೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳ ಹಾನಿ ತಗ್ಗುತ್ತದೆ ಎಂಬುದು ಅದರ ಸಾರ. ಹತೋಟಿಯೆಂದರೆ ಒಂದು ದಿನದ ಕೆಲಸವಲ್ಲ, ಆಗಾಗ್ಗೆ ಕಂಡು ವಿಚಾರಿಸುವ ವೈದ್ಯರ ಕೆಲಸ.

ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಅಂದಾಜಿಸಿತು. ಇಷ್ಟು ಮಂದಿಯನ್ನು ತಜ್ಞರಷ್ಟೇ ನೋಡಿಕೊಳ್ಳಲಾಗದು. 30 ದಾಟಿದವರ ತಪಾಸಣೆಯನ್ನು ಸರಕಾರ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ವಹಿಸಿರುವುದು ಇದಕ್ಕಾಗಿಯೇ.

ಗುಳಿಗೆ ಬರೆದುಕೊಡುವುದು ಕೆಲಸದ ಅರ್ಧ ಮಾತ್ರ. ಊಟ ವಿಚಾರಿಸಿ, ಚಪ್ಪಲಿ ಬಿಡಿಸಿ ಪಾದ ನೋಡಿ, ಹೊತ್ತಿಗೆ ಸರಿಯಾಗಿ ಕಣ್ಣಿನ ಡಾಕ್ಟರಲ್ಲಿಗೆ ಕಳುಹಿಸುವವರೇ ಎಷ್ಟೋ ಮಂದಿಯ ಕಾಲು, ಕಣ್ಣು ಉಳಿಸುತ್ತಾರೆ.