ಕಸಿಯೋ, ನಾಟಿಯೋ: ನೆಟ್ಟ ಕೂದಲು ಉದುರುವ ಬಗ್ಗೆ ಒಂದು ಟಿಪ್ಪಣಿ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಹಂಗಳದಲ್ಲಿ ಬಲಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಒಡೆಯುತ್ತದೆ. ಈ ಸೀಮೆಯ ಹೊಲಗಳಲ್ಲಿ ಅರಿಶಿನ, ಈರುಳ್ಳಿ, ಟೊಮೆಟೊ, ಚೆಂಡುಹೂ. ತಲೆಗೂದಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆಯಹೊರಟು ಹೊಲದಿಂದ ಶುರುಮಾಡಲು ಕಾರಣವಿದೆ. ಈ ಚಿಕಿತ್ಸೆಗೆ ಕನ್ನಡದಲ್ಲಿ ‘ಕೂದಲು ಕಸಿ’ ಎಂಬ ಹೆಸರು ನಿಂತುಬಿಟ್ಟಿದೆ. ಎರಡು ಮೂರು ವಾರದಲ್ಲಿ ನೆಟ್ಟ ಕೂದಲು ಉದುರತೊಡಗಿದಾಗ ಹುಟ್ಟುವ ಭಯದಲ್ಲಿ ಆ ಹೆಸರಿಗೂ ಪಾಲಿದೆ ಎಂಬುದು ನನ್ನ ಅನಿಸಿಕೆ.

ಕಸಿ ಎಂದರೆ ಬೇಸಾಯಗಾರರಿಗೆ ನೆನಪಾಗುವುದು ಮಾವು. ಒಂದು ಮರದ ಕಡ್ಡಿಯನ್ನು ಇನ್ನೊಂದರ ಬೇರುಗಿಡಕ್ಕೆ ಕೂಡಿಸಿ ಕಟ್ಟುತ್ತಾರೆ. ಕಡ್ಡಿ ಒಣಗಿತೆಂದರೆ ಕಸಿ ಹೋಯಿತು. ತಲೆಯಲ್ಲಿ ನಡೆಯುವುದು ಅದಲ್ಲ. ಹಿಂದಲೆಯ ಕೂದಲನ್ನು ಬೇರಿನ ಚೀಲದ ಸಮೇತ ತೆಗೆದು, ಕೂದಲಿಲ್ಲದ ಕಡೆ ಸಣ್ಣ ಕುಳಿ ಮಾಡಿ ಕೂರಿಸುತ್ತಾರೆ; ಒಂದು ಕುಳಿಗೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ಕೂದಲು. ಮಡಿಯಿಂದ ಪೈರು ಕಿತ್ತು ಹೊಲಕ್ಕೆ ಹಾಕಿದಂತೆ, ಅಂದರೆ ನಾಟಿ. ಜಪಾನಿನ ಶೋಜಿ ಒಕುಡ 1939ರಲ್ಲೇ ಇಂಥ ಪ್ರಯೋಗವನ್ನು ಪ್ರಕಟಿಸಿದ್ದರು. ಸ್ಥಳ ಬದಲಾದರೂ ಕೂದಲು ತನ್ನ ಮೂಲ ಜಾಗದ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ತೋರಿಸಿದರು. ಇಡೀ ಚಿಕಿತ್ಸೆ ನಿಂತಿರುವುದು ಈ ಮಾತಿನ ಮೇಲೆ.

ಕಿತ್ತ ಬೇರಿಗೆ ರಕ್ತದ ಸಂಪರ್ಕ ಕಡಿದಿರುತ್ತದೆ. ಮೊದಲ ಒಂದೆರಡು ದಿನ ಸುತ್ತಲಿನ ದ್ರವವೇ ಅದಕ್ಕೆ ಆಹಾರ. ಹೊಸ ರಕ್ತನಾಳಗಳು ಕೂಡಿಕೊಳ್ಳಲು ಹೆಚ್ಚುಕಡಿಮೆ ಒಂದು ವಾರ ಬೇಕು. ಈ ಆಘಾತಕ್ಕೆ ಬೇರು ಮೇಲಿನ ಎಳೆಯನ್ನು ಬಿಟ್ಟುಕೊಟ್ಟು ತಾನು ವಿಶ್ರಾಂತಿಗೆ ಇಳಿಯುತ್ತದೆ. ಆ ವಿಶ್ರಾಂತಿ ಸುಮಾರು ಮೂರು ತಿಂಗಳು. ಟೈಫಾಯ್ಡ್ ಬಂದುಹೋದ ಮೇಲೆ, ಬಾಣಂತನದಲ್ಲಿ ಕೂದಲು ಉದುರುವುದೂ ಬೇರುಗಳು ಹೀಗೆ ವಿಶ್ರಾಂತಿಗೆ ಇಳಿಯುವುದರಿಂದಲೇ. ಅದನ್ನು ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲಿ ವಿವರಿಸಿದರು. ಹಂಗಳದ ತಾಯಂದಿರಿಗೆ ಅವರ ಹೆಸರು ಬೇಕಿಲ್ಲ, ಉದುರಿದ್ದು ಮತ್ತೆ ಬರುತ್ತದೆಂದು ಕಂಡು ಬಲ್ಲರು.

ಉದುರಿದ್ದನ್ನು ಹತ್ತಿರದಿಂದ ನೋಡಬೇಕು. ದಿಂಬಿನ ಬಟ್ಟೆಯ ಮೇಲೆ ಕೆಲವೇ ಮಿಲಿಮೀಟರ್ ಉದ್ದದ ತುಂಡು ಕೂದಲು, ಒಮ್ಮೊಮ್ಮೆ ಒಣ ಹಕ್ಕಳೆಯ ಚೂರು ಅಂಟಿಕೊಂಡಿರುತ್ತದೆ, ಬುಡದಲ್ಲಿ ಬಿಳಿಯ ಪುಟ್ಟ ಗಂಟು. ಬೇರೇ ಬಂತೆಂದು ಎದೆ ಒಡೆಯುವುದು ಆ ಗಂಟು ಕಂಡಾಗ. ಅದು ಎಳೆಯ ತುದಿ ಮತ್ತು ಅದರ ಹೊದಿಕೆ; ಹೊಸ ಕೂದಲು ಹುಟ್ಟಿಸುವ ಭಾಗ ಚರ್ಮದೊಳಗೇ ಉಳಿದಿದೆ. ಬೇರು ನಿಜವಾಗಿ ಕಿತ್ತುಬರುವುದು ಮೊದಲ ಹತ್ತು ದಿನದೊಳಗೆ, ಸಾಮಾನ್ಯವಾಗಿ ರಕ್ತದೊಂದಿಗೆ.

ಮಲೆ ಮಹದೇಶ್ವರ ಬೆಟ್ಟದಲ್ಲಿ ಮುಡಿ ಕೊಟ್ಟವರ ತಲೆಯಲ್ಲಿ ವಾರದೊಳಗೆ ಕರಿ ಚುಕ್ಕಿ ಕಾಣುತ್ತದೆ, ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಕ್ಷೌರದ ಕತ್ತಿ ಬೇರನ್ನು ಮುಟ್ಟುವುದಿಲ್ಲ, ಬೆಳವಣಿಗೆ ನಿಲ್ಲುವುದಿಲ್ಲ. ನೆಟ್ಟ ಕೂದಲನ್ನು ಮುಡಿಗೆ ಹೋಲಿಸಿದರೆ ನಿರಾಸೆ ಖಂಡಿತ. ಸರಿಯಾದ ಹೋಲಿಕೆ ಅರಿಶಿನ: ಎಲೆ ಒಣಗಿ ಬಿದ್ದ ಮೇಲೂ ಬಿತ್ತನೆಗಡ್ಡೆ ತಿಂಗಳುಗಟ್ಟಲೆ ಸುಮ್ಮನಿದ್ದು ಮೊಳೆಯುತ್ತದೆ.

ಆದರೆ ‘ತಾತ್ಕಾಲಿಕ’ ಎಂಬ ಮಾತನ್ನು ಎಚ್ಚರದಿಂದ ಆಡಬೇಕು. ನಾಟಿಯ ಸುತ್ತ ಮೊದಲೇ ಇದ್ದ ಕೂದಲೂ ಆಘಾತಕ್ಕೆ ಉದುರಬಹುದು. ಅವುಗಳಲ್ಲಿ ಗಟ್ಟಿಯಿದ್ದವು ಮರಳುತ್ತವೆ. ವಂಶದ ಬೋಳಿನಿಂದ ಆಗಲೇ ಸಣಕಲಾಗಿದ್ದವು ಮರಳದೆಯೂ ಇರಬಹುದು. ಇದನ್ನು ಚಿಕಿತ್ಸೆಗೆ ಮುಂಚೆಯೇ ಹೇಳದಿರುವುದು ಅನ್ಯಾಯ. ಕೀವು, ಜ್ವರ, ಏರುತ್ತಿರುವ ನೋವು, ಚರ್ಮ ಕಪ್ಪಾಗುವುದು ಕಂಡರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಈ ಶಸ್ತ್ರಚಿಕಿತ್ಸೆಯನ್ನು ತರಬೇತಾದ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಮೈಸೂರಿಗೋ ಬೆಂಗಳೂರಿಗೋ ಹೋಗಿ ಚಿಕಿತ್ಸೆ ಮಾಡಿಸಿಕೊಂಡು ಬರುವ ಯುವಕನಿಗೆ ಊರಿನ ಲೆಕ್ಕದಲ್ಲೇ ಹೇಳಬಹುದು. ಯುಗಾದಿಗೆ ನೆಟ್ಟರೆ ಬಸವ ಜಯಂತಿ ಹೊತ್ತಿಗೆ ಬಹುಪಾಲು ಉದುರಿರುತ್ತದೆ. ಆಷಾಢ ಕಳೆದು ಶ್ರಾವಣಕ್ಕೆ ತೆಳ್ಳನೆಯ ಎಳೆ ಮೂಡುತ್ತದೆ. ದೀಪಾವಳಿಗೆ ಕನ್ನಡಿಯಲ್ಲಿ ವ್ಯತ್ಯಾಸ ಕಾಣುತ್ತದೆ. ನಾಟಿ ಎಷ್ಟು ಹಿಡಿಯಿತೆಂದು ಎಣಿಸುವುದು ಮುಂದಿನ ಯುಗಾದಿಗೆ.