ಹೊಳೆಯ ಸ್ವಭಾವ, ದೋಣಿಯ ದಾರಿ

ಹೂವಿನ ಹಡಗಲಿ ಎಂಬ ಹೆಸರಿಗೆ ಜನ ಒಂದು ಕಥೆ ಹೇಳುತ್ತಾರೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ಹಂಪಿಗೆ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂವು ಹೋಗುತ್ತಿತ್ತಂತೆ. ಊರಿನ ಹೆಸರಿನ ಹಳೆಯ ರೂಪ ಅದಕ್ಕೂ ಮೊದಲಿನ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲೇ ಇರುವುದರಿಂದ ಈ ಕಥೆ ಇತಿಹಾಸವಾಗಿ ನಿಲ್ಲುವುದಿಲ್ಲ. ಆದರೆ ನೀರಿನ ಮೇಲೆ ದಾರಿಯಾದರೆ ದೂರ ಕಡಿಮೆಯಾದೀತು ಎಂಬ ಆಸೆ ಅದರಲ್ಲಿದೆ. ನಡುಗಡ್ಡೆಗಳಿಗೂ ಹಿನ್ನೀರಿನಾಚೆಯ ಹಳ್ಳಿಗಳಿಗೂ ದೋಣಿ ಸೇವೆ ವಿಸ್ತರಿಸುವುದು ಎಷ್ಟರಮಟ್ಟಿಗೆ ಸಾಧ್ಯ? ಉತ್ತರಕ್ಕೆ ಹೊಳೆಯ ಸ್ವಭಾವವನ್ನೇ ನೋಡಬೇಕು.

ತುಂಗಭದ್ರೆಗೆ ಎರಡು ಮುಖ. 1803ರ ಮಾರ್ಚ್ 12ರಂದು ಆರ್ಥರ್ ವೆಲ್ಲೆಸ್ಲಿಯ ಸೇನೆ ಹಾವನೂರಿನ ಬಳಿ ಹೊಳೆ ಹಾಯ್ದು ಪುಣೆಯ ಕಡೆಗೆ ಸಾಗಿತು. ಬೇಸಿಗೆಯಾದ್ದರಿಂದ ಅಲ್ಲಿ ನೀರಿನಲ್ಲಿ ಇಳಿದೇ ದಾಟಬಹುದಿತ್ತು. ಮಳೆಗಾಲದಲ್ಲಿ ಅದೇ ಹೊಳೆ ಸೇನೆಗಳನ್ನೂ ತಡೆದು ನಿಲ್ಲಿಸುತ್ತಿತ್ತು.

ಈ ಹೊಳೆಗೆ ಒಗ್ಗಿದ ವಾಹನ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುವುದನ್ನು ವರ್ಣಿಸಿದ್ದಾನೆ. ಹೊರಗೆ ತೊಗಲು ಹೊದಿಸಿದ್ದ ಆ ದೋಣಿಗಳಲ್ಲಿ 15ರಿಂದ 20 ಜನ ಕೂರಬಹುದಿತ್ತು. ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರು. ಹರಿಗೋಲಿಗೆ ಆಳವಾದ ನೀರೂ ಬೇಡ, ಕಟ್ಟಿದ ಧಕ್ಕೆಯೂ ಬೇಡ. ಬಂಡೆಗೆ ತಾಗಿದರೆ ಗಿರ್ರನೆ ತಿರುಗಿ ಮುಂದೆ ಸಾಗುತ್ತದೆ. ಸೆಳವಿಗೆ ಕೆಳಗೆ ಜಾರಿದರೆ ದಡದ ಮೇಲೆ ಹೊತ್ತು ತಂದು ಮತ್ತೆ ನೀರಿಗೆ ಬಿಡಬಹುದು. ಆದರೂ ಪ್ರವಾಹ ಬಂದಾಗ ಅದೂ ದಡ ಸೇರಬೇಕು. ಆನೆಗೊಂದಿಯ ಬಳಿಯ ನವಬೃಂದಾವನ ನಡುಗಡ್ಡೆಗೆ ಹೊಳೆ ಉಕ್ಕಿದ ದಿನಗಳಲ್ಲಿ ದಾರಿಯೇ ಇರುವುದಿಲ್ಲ.

1953ರಲ್ಲಿ ತುಂಗಭದ್ರಾ ಜಲಾಶಯ ಬಂದ ಮೇಲೆ ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿಗೆ ವಿಶಾಲ ಹಿನ್ನೀರು ಹರಡಿತು. ನೋಡಿದರೆ ದೊಡ್ಡ ದೋಣಿಗೆ ಹೇಳಿ ಮಾಡಿಸಿದ ಜಾಗ. ತೊಡಕು ಇರುವುದು ದಡದಲ್ಲಿ. ಬೇಸಿಗೆಯಲ್ಲಿ ನೀರು ಬಹುದೂರ ಹಿಂದೆ ಸರಿದು ಕೆಸರು ಉಳಿಯುತ್ತದೆ. ಮಳೆಗಾಲದಲ್ಲಿ ಕಟ್ಟೆ ಮುಟ್ಟಿದ ದೋಣಿ ಬೇಸಿಗೆಯಲ್ಲಿ ಎಲ್ಲಿ ನಿಲ್ಲಬೇಕು? ಹೂಳೂ ಸೇರಿ, ಮೊದಲು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಈಗ ಸುಮಾರು 105.8ಕ್ಕೆ ಇಳಿದಿದೆ.

ದೊಡ್ಡ ದೋಣಿ ಸೇವೆ ನಿಜಕ್ಕೂ ನಡೆದದ್ದು ಶರಾವತಿಯ ಹಿನ್ನೀರಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಸಾಗರ ತಾಲ್ಲೂಕಿನ ತುಮರಿ ಭಾಗ ನಡುಗಡ್ಡೆಯಂತಾಯಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಲಾಂಚ್ ದಶಕಗಳ ಕಾಲ ಜನರನ್ನೂ ಬಸ್ಸುಗಳನ್ನೂ ದಾಟಿಸಿತು. ಅಲ್ಲಿ ಆಳವಾದ ನೀರಿತ್ತು, ಸಿಗಂದೂರು ಚೌಡೇಶ್ವರಿಯ ಭಕ್ತರಿಂದಾಗಿ ಪ್ರಯಾಣಿಕರೂ ಇದ್ದರು. ಹಾಗಿದ್ದೂ ಬೇಸಿಗೆಯಲ್ಲಿ ನೀರು ತಗ್ಗಿದಾಗ ವಾಹನ ಸಾಗಣೆಗೆ ತಡೆ ಬೀಳುತ್ತಿತ್ತು. ದಿನದ ಕೊನೆಯ ಲಾಂಚ್ ಹೋದ ಮೇಲೆ ರೋಗಿಗೂ ಹೆರಿಗೆಯ ನೋವಿನ ಹೆಣ್ಣಿಗೂ ಕಾಡಿನ ಸುತ್ತುದಾರಿಯೇ ಗತಿಯಾಗಿತ್ತು. 2025ರ ಜುಲೈ 14ರಂದು ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಗಿ ಆ ಕಾಯುವಿಕೆ ಮುಗಿಯಿತು.

ಹಾಗೆಂದು ಎಲ್ಲ ಕಡೆ ಸೇತುವೆಯೇ ಸುಲಭದ ಉತ್ತರವಲ್ಲ. ಹಂಪಿ–ಆನೆಗೊಂದಿ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತರು. ಸೇತುವೆಗೆ ವರ್ಷಗಳು ಬೇಕು. ಅಲ್ಲಿಯವರೆಗೆ ದಾಟುವವರಿಗೆ ದೋಣಿಯೇ ಆಸರೆ.

ಆದ್ದರಿಂದ ಹೊಸ ದೋಣಿ ಮಾರ್ಗ ಕೇಳುವಾಗ ಮೂರು ಸಂಗತಿ ಮೊದಲು ಇತ್ಯರ್ಥವಾಗಬೇಕು. ಮೇ ತಿಂಗಳಲ್ಲಿ ನೀರು ಎಷ್ಟಿರುತ್ತದೆ? ಸರಿಯುವ ದಡಕ್ಕೆ ತಕ್ಕಂತೆ ಕಟ್ಟೆಯೂ ಸರಿದೀತೆ? ಜಾತ್ರೆಯಿಲ್ಲದ ದಿನ, ನಡುರಾತ್ರಿ, ಒಬ್ಬ ರೋಗಿಗಾಗಿ ದೋಣಿ ಹೊರಟೀತೆ? ಕೊನೆಯದಕ್ಕೆ ಹೌದು ಎನ್ನಲಾಗದ ಮಾರ್ಗ ಪ್ರವಾಸಿಗರಿಗೆ ಸಾಕಾಗಬಹುದು, ಅಲ್ಲಿ ಬಾಳುವವರಿಗೆ ಸಾಲದು.