ಹಗುರ ಕ್ರೋಶಾ ವೇಸ್ಟ್‌ಕೋಟು: ಹೆಣೆಯುವ ಕ್ರಮ ಹಾಗೂ ಮೈಯಳತೆಗೆ ಹೊಂದಿಸುವ ವಿಧಾನ

ಕ್ರೋಶಾ ಹೆಣಿಗೆಯು ಒಂದು ಕೊಕ್ಕೆಕಡ್ಡಿ ಹಾಗೂ ನೂಲಿನಿಂದ ಮನೆಯಲ್ಲಿಯೇ ಕೈಗೊಳ್ಳಬಹುದಾದ ಕರಕುಶಲ ಕಲೆಯಾಗಿದೆ. ಬಾಗಿಲ ತೋರಣ, ಮೇಜಿನ ಹೊದಿಕೆಗಳು ಅಳತೆಯಲ್ಲಿ ಅಲ್ಪ ವ್ಯತ್ಯಾಸವಾದರೂ ಉಪಯೋಗಕ್ಕೆ ಬರುತ್ತವೆ. ಉಡುಪು ಹಾಗಲ್ಲ, ಮೈಗೆ ಹೊಂದದಿದ್ದಲ್ಲಿ ಹಲವು ದಿನಗಳ ಶ್ರಮ ವ್ಯರ್ಥವಾಗುತ್ತದೆ. ಆದ್ದರಿಂದ ಲೆಕ್ಕವು ಹೆಣಿಗೆಗಿಂತ ಮೊದಲು ಆಗತಕ್ಕದ್ದು.

1. ಸಾಮಗ್ರಿಗಳು

ತೆಳುವಾದ ಹತ್ತಿ ನೂಲು, 3.5 ಮಿ.ಮೀ. ಕಡ್ಡಿ, ಅಳತೆ ಟೇಪು, ಗುಂಡಿಗಳು. ಬಣ್ಣದಲ್ಲಿ ವ್ಯತ್ಯಾಸವಾಗದಂತೆ ಒಂದೇ ಲಾಟ್ ಸಂಖ್ಯೆಯ ನೂಲನ್ನು ಒಮ್ಮೆಲೇ ಖರೀದಿಸುವುದು ಸೂಕ್ತ.

2. ಮಾದರಿ ತುಂಡು

15 ಸೆಂ.ಮೀ. ಚೌಕದ ತುಂಡೊಂದನ್ನು ಉದ್ದ ಕಂಬದಲ್ಲಿ (ಕಡ್ಡಿಗೆ ಒಮ್ಮೆ ನೂಲು ಸುತ್ತಿ ಹಾಕುವ ಹೊಲಿಗೆ) ಹೆಣೆದು, ಒಗೆದು, ಹರಡಿ ಒಣಗಿಸಬೇಕು. ಹತ್ತಿ ನೂಲು ಒಗೆದಾಗ ಕುಗ್ಗುವ ಸಂಭವವಿರುವುದರಿಂದ ಇದು ಅವಶ್ಯಕ. ನಂತರ ನಡುವಿನ 10 ಸೆಂ.ಮೀ.ನಲ್ಲಿ ಬರುವ ಕಂಬ ಹಾಗೂ ಸಾಲುಗಳನ್ನು ಎಣಿಸಬೇಕು. ಇಲ್ಲಿ 18 ಕಂಬ, 10 ಸಾಲು ಎಂದು ಇಟ್ಟುಕೊಳ್ಳಲಾಗಿದೆ.

3. ಲೆಕ್ಕಾಚಾರ

ಎದೆಸುತ್ತಳತೆ 92 ಸೆಂ.ಮೀ. ಇದ್ದು, ಸಡಿಲಿಕೆಗೆ 6 ಸೆಂ.ಮೀ. ಸೇರಿಸಿದರೆ 98 ಸೆಂ.ಮೀ. ಆಗುತ್ತದೆ. ಇದನ್ನು 1.8ರಿಂದ ಗುಣಿಸಿದಾಗ ಸುಮಾರು 177 ಕಂಬ: ಮುಂಭಾಗಕ್ಕೆ 44 ಮತ್ತು 44, ಬೆನ್ನಿಗೆ 89.

ಕೈಬಿಗಿ ಹೆಚ್ಚಿರುವವರಿಗೆ 10 ಸೆಂ.ಮೀ.ಗೆ 20 ಕಂಬ ಬಂದಲ್ಲಿ, ಅದೇ 177 ಕಂಬಗಳು ಕೇವಲ 88.5 ಸೆಂ.ಮೀ. ಆಗುತ್ತವೆ, ಉಡುಪು ಮೈಗಿಂತಲೂ ಚಿಕ್ಕದಾಗುತ್ತದೆ. ಎರಡೇ ಕಂಬಗಳ ವ್ಯತ್ಯಾಸದಿಂದ ಉಂಟಾಗುವ ನಷ್ಟವಿದು.

4. ಹೆಣೆಯುವ ಕ್ರಮ

(ಅ) 179 ಸರಪಳಿ ಹಾಕಿ, ಕಡ್ಡಿಯಿಂದ ನಾಲ್ಕನೆಯ ಸರಪಳಿಯಲ್ಲಿ ಕಂಬ ಆರಂಭಿಸಬೇಕು. ಬಿಟ್ಟ ಸರಪಳಿಗಳೂ ಒಂದು ಕಂಬವೆಂದು ಲೆಕ್ಕ. ಪಕ್ಕದ ಹೊಲಿಗೆಯಿಲ್ಲದೆ ಒಂದೇ ತುಂಡಾಗಿ ಕಂಕುಳಿನವರೆಗೆ 31 ಸಾಲು ಹೆಣೆಯಬೇಕು.

(ಆ) ಕತ್ತಿನ ಇಳಿಜಾರಿಗಾಗಿ 28ನೆಯ ಸಾಲಿನಿಂದ ಸಾಲು ಬಿಟ್ಟು ಸಾಲಿನಲ್ಲಿ ಮುಂಭಾಗದ ಎರಡೂ ಅಂಚುಗಳಲ್ಲಿ ಒಂದೊಂದು ಕಂಬ ಕಡಿಮೆ ಮಾಡುತ್ತ, ಒಟ್ಟು 12 ಬಾರಿ ಮುಂದುವರಿಸಬೇಕು.

(ಇ) ಪ್ರತಿ ಕಂಕುಳಲ್ಲಿ 8 ಕಂಬಗಳನ್ನು (ಮುಂಭಾಗದ 4, ಬೆನ್ನಿನ 4) ಹೆಣೆಯದೆ ಬಿಟ್ಟು, ಮೂರು ಭಾಗಗಳನ್ನು ಪ್ರತ್ಯೇಕವಾಗಿ ಹೆಣೆಯಬೇಕು. ಮೊದಲ 8 ಸಾಲುಗಳಲ್ಲಿ ಕಂಕುಳ ಅಂಚಿಗೆ ಒಂದೊಂದು ಕಂಬ ಕಡಿಮೆ ಮಾಡಬೇಕು. 21 ಸಾಲುಗಳ ನಂತರ ಬೆನ್ನಿಗೆ 65 ಕಂಬ, ಪ್ರತಿ ಭುಜಕ್ಕೆ 20 ಕಂಬ ಉಳಿಯುತ್ತವೆ. ಭುಜಗಳನ್ನು ಜೋಡಿಸಿ, ಅಂಚು ಕಟ್ಟಿ, ಗುಂಡಿ ಹಾಕಬೇಕು.

5. ಹೊಂದಾಣಿಕೆ

ಎದೆಸುತ್ತಳತೆ ಹೆಚ್ಚಿದ್ದಲ್ಲಿ ಪ್ರತಿ 4 ಕಂಬಗಳಿಗೆ ಸುಮಾರು 2.2 ಸೆಂ.ಮೀ. ದೊರೆಯುತ್ತದೆ, ಅರ್ಧ ಬೆನ್ನಿಗೆ, ಉಳಿದರ್ಧ ಮುಂಭಾಗಗಳಿಗೆ ಹಂಚಬೇಕು. ಉದ್ದವನ್ನು ಕಂಕುಳಿನ ಕೆಳಗಿನ ಸಾಲುಗಳಲ್ಲಿ ಮಾತ್ರ ಹೆಚ್ಚುಕಡಿಮೆ ಮಾಡತಕ್ಕದ್ದು. ಸೊಂಟ ಅಗಲವಿದ್ದಲ್ಲಿ ಮೊದಲ 10 ಸಾಲುಗಳಿಗೆ 4 ಮಿ.ಮೀ. ಕಡ್ಡಿ ಬಳಸಬಹುದು.

ವಿದೇಶಿ ಪುಸ್ತಕಗಳ ವಿನ್ಯಾಸ ಅನುಸರಿಸುವವರು ಗಮನಿಸಬೇಕಾದ ಅಂಶ: ಅಮೆರಿಕದ 'ಡಬಲ್ ಕ್ರೋಶೆ'ಯನ್ನು ಬ್ರಿಟನ್‌ನಲ್ಲಿ 'ಟ್ರೆಬಲ್' ಎನ್ನುತ್ತಾರೆ. ಬ್ರಿಟನ್ನಿನ 'ಡಬಲ್' ಗಿಡ್ಡ ಕಂಬವಾಗಿದ್ದು, ಇದನ್ನು ಅರಿಯದಿದ್ದಲ್ಲಿ ಉದ್ದವೆಲ್ಲ ತಪ್ಪುತ್ತದೆ.

6. ನೂಲು ಹಾಗೂ ಕೂಲಿಯ ಲೆಕ್ಕ

ಮೇಲಿನ ಅಳತೆಯ ವೇಸ್ಟ್‌ಕೋಟಿನ ವಿಸ್ತೀರ್ಣ ಸುಮಾರು 4,400 ಚದರ ಸೆಂ.ಮೀ. 225 ಚದರ ಸೆಂ.ಮೀ. ಮಾದರಿ ತುಂಡು 6 ಗ್ರಾಂ ತೂಗಿದರೆ ಸುಮಾರು 117 ಗ್ರಾಂ ನೂಲು ಬೇಕು. ಅಂಚು ಮತ್ತು ಪೋಲಿಗೆಂದು ಶೇ. 15ರಷ್ಟು ಸೇರಿಸಿ 135 ಗ್ರಾಂ ಖರೀದಿಸಬಹುದು.

ಮಾರಾಟಕ್ಕೆ ಹೆಣೆಯುವವರು ಪ್ರತಿದಿನದ ಗಂಟೆಗಳನ್ನು ಬರೆದಿಡಬೇಕು. ಆಂಧ್ರಪ್ರದೇಶದ ನರಸಾಪುರದಲ್ಲಿ ಕ್ರೋಶಾ ಲೇಸು ಹೆಣೆಯುವ ಮಹಿಳೆಯರನ್ನು ಕುರಿತು ಮಾರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂತಹ ದುಡಿಮೆಯನ್ನು ಬಿಡುವಿನ ವೇಳೆಯ ಕೆಲಸವೆಂದು ಭಾವಿಸಿದ್ದರಿಂದ ಅವರಿಗೆ ಅತ್ಯಲ್ಪ ಕೂಲಿ ದೊರೆಯುತ್ತಿದ್ದುದನ್ನು ದಾಖಲಿಸಿದೆ. ನೂಲು ಮತ್ತು ಗುಂಡಿಗಳ ವೆಚ್ಚಕ್ಕೆ ದುಡಿದ ಗಂಟೆಗಳ ಕೂಲಿಯನ್ನು ಸೇರಿಸಿದ ನಂತರವೇ ಬೆಲೆ ನಿಗದಿಪಡಿಸತಕ್ಕದ್ದು.